ಪರೀಕ್ಷೆಯ ಹೊತ್ತಿನಲ್ಲಿ ಮುನಿಯುವ ಕ್ಯಾಮರಾ



ಮನೆಯ ಕೋಣೆಯೊಂದರಲ್ಲಿ ಕುಳಿತು, ಅಂಗೈಯಗಲದ ಫೋನನ್ನು ಎದುರಿಗಿಟ್ಟುಕೊಂಡು, ಕಾಣದ ಮೇಲ್ವಿಚಾರಕರ ಕಣ್ಣೆದುರಿನಲ್ಲಿ ಪರೀಕ್ಷೆ ಬರೆಯುವ ಪದ್ಧತಿ ನಮ್ಮಲ್ಲಿ ವ್ಯಾಪಕವಾಗಿ ಆಚರಣೆಗೆ ಬಂದುದು 2020ರ ಸಾಂಕ್ರಾಮಿಕದ ಕಾಲದಲ್ಲಿ. ಆ ವರ್ಷದ ಸೆಪ್ಟೆಂಬರ್ 12ರಂದು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲು ತನ್ನದೇ ಆದ ಪ್ರವೇಶ ಪರೀಕ್ಷೆಯನ್ನು ಈ ವಿಧಾನದಲ್ಲಿ ನಡೆಸಿತು. ತಾಂತ್ರಿಕ ತೊಡಕಿಗೆ ಸಿಕ್ಕಿದವರಿಗಾಗಿ 14ರಂದು ಮತ್ತೊಮ್ಮೆ ಪರೀಕ್ಷೆ ಏರ್ಪಡಿಸಿತು. 21ರಂದು ಸುಪ್ರೀಂ ಕೋರ್ಟು ಆ ಪರೀಕ್ಷೆಯ ಪ್ರಕಟಣೆಯನ್ನೇ ರದ್ದುಗೊಳಿಸಿ, ರಾಷ್ಟ್ರೀಯ ಕಾನೂನು ವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಕ್ಲಾಟ್ ಮೂಲಕವೇ ಪ್ರವೇಶ ನೀಡತಕ್ಕದ್ದೆಂದು ವಿಧಿಸಿತು. ಸಾಂಕ್ರಾಮಿಕ ಹಿಂದೆ ಸರಿದರೂ ಪದ್ಧತಿ ಉಳಿದುಕೊಂಡಿತು. ಉದ್ಯೋಗಾಕಾಂಕ್ಷಿಗಳ ಆರಂಭದ ಪರೀಕ್ಷೆಗಳೂ ವಿದೇಶಕ್ಕೆ ಹೊರಟವರ ಇಂಗ್ಲಿಷ್ ಪರೀಕ್ಷೆಗಳೂ ಇಂದಿಗೂ ಹಲವೆಡೆ ಹೀಗೆಯೇ ನಡೆಯುತ್ತಿವೆ.

ಇಷ್ಟೆಲ್ಲ ವ್ಯವಸ್ಥೆ ನಿಂತಿರುವುದು ಒಂದು ಸಣ್ಣ ಗಾಜಿನ ಕಣ್ಣಿನ ಮೇಲೆ. ಹಿಂದಿನ ಸಂಜೆಯಷ್ಟೆ ಊರಿನಲ್ಲಿರುವ ಅಜ್ಜಿಗೆ ಮೊಮ್ಮಗಳ ಮುಖವನ್ನು ನಿಚ್ಚಳವಾಗಿ ತೋರಿಸಿದ ಅದೇ ಕ್ಯಾಮರಾ, ಪರೀಕ್ಷೆ ಆರಂಭವಾಗಲು ಐದು ನಿಮಿಷವಿರುವಾಗ ‘ಕ್ಯಾಮರಾ ಲಭ್ಯವಿಲ್ಲ’ ಎಂಬ ನಿಷ್ಠುರವಾದ ವಾಕ್ಯವನ್ನು ಪರದೆಯ ಮೇಲೆ ಮೂಡಿಸಿ ಸುಮ್ಮನಾದರೆ, ಕೈಕಾಲು ನಡುಗದ ಅಭ್ಯರ್ಥಿ ಯಾರು? ಆ ಗಾಬರಿಯಲ್ಲಿ ಫೋನು ಕೆಟ್ಟಿತೆಂದೇ ಎಲ್ಲರೂ ಭಾವಿಸುವರು. ವಾಸ್ತವದಲ್ಲಿ ಕ್ಯಾಮರಾ ಕೆಟ್ಟಿರುವುದು ಬಲು ಅಪರೂಪ. ಅಪ್ಪಣೆ ಸಿಕ್ಕದೆ ಅದು ನಿಂತಿರುತ್ತದೆ, ಅಷ್ಟೆ.

ಈ ಅಪ್ಪಣೆಯ ಕಟ್ಟುಪಾಡಿಗೆ ಒಂದು ಇತಿಹಾಸವುಂಟು. 2015ರಲ್ಲಿ ಆಂಡ್ರಾಯ್ಡಿನ ಆರನೆಯ ಆವೃತ್ತಿ ಬರುವವರೆಗೆ, ಆ್ಯಪೊಂದನ್ನು ಇಳಿಸಿಕೊಳ್ಳುವಾಗಲೇ ಅದು ಕೇಳಿದುದಕ್ಕೆಲ್ಲ ಒಟ್ಟಾಗಿ ಒಪ್ಪಿಬಿಡಬೇಕಾಗಿತ್ತು. ಒಪ್ಪದವನಿಗೆ ಆ್ಯಪು ದಕ್ಕುತ್ತಿರಲಿಲ್ಲ. ಟಾರ್ಚಿನ ಆ್ಯಪು ಸಂಪರ್ಕದ ಸಂಖ್ಯೆಗಳನ್ನು ಬೇಡಿದರೂ ಕೊಟ್ಟು ಸುಮ್ಮನಿರಬೇಕಾದ ಕಾಲ ಅದು. ಆಮೇಲೆ ಬಂದ ವ್ಯವಸ್ಥೆಯಲ್ಲಿ ಕ್ಯಾಮರಾ, ಮೈಕು, ಸ್ಥಳ ಇವೊಂದೊಂದಕ್ಕೂ ಬಳಸುವ ವೇಳೆಯಲ್ಲಿ ಪ್ರತ್ಯೇಕವಾಗಿ ಕೇಳಬೇಕೆಂಬ ನಿಯಮವಾಯಿತು. ವರ್ಷ ಕಳೆದಂತೆ ನಿಯಮ ಬಿಗಿಯಾಗುತ್ತ ಹೋಯಿತು. ಫೋನು ತನ್ನ ಒಡೆಯನ ಪರವಾಗಿ ಹೀಗೆ ಸಂಶಯಪಡುವುದು ನ್ಯಾಯವೆಂದೇ ನನ್ನ ಅಭಿಪ್ರಾಯ. ನಮ್ಮನ್ನು ನೋಡಲು ಬಯಸುವವರೆಲ್ಲರೂ ಮೇಲ್ವಿಚಾರಕರಲ್ಲವಷ್ಟೆ!

ಕ್ಯಾಮರಾವನ್ನು ಮೂರು ಸುತ್ತಿನ ಕೋಟೆಯೊಳಗಿನ ದೀಪವೆಂದು ಎಣಿಸಿದರೆ ವಿಷಯ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಹೊರಸುತ್ತಿನ ಬಾಗಿಲು ಇಡೀ ಫೋನಿಗೆ ಸಂಬಂಧಿಸಿದ್ದು. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ ಈಚೆಗೆ, ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದಾಗ ಕಾಣುವ ಗುಂಡಿಗಳ ಸಾಲಿನಲ್ಲಿ ಕ್ಯಾಮರಾವನ್ನು ಸಮಗ್ರವಾಗಿ ಮುಚ್ಚುವ ಗುಂಡಿಯೊಂದನ್ನು ಸೇರಿಸಿಕೊಳ್ಳಬಹುದು. ಮಕ್ಕಳ ಕೈ ತಗುಲಿಯೋ ನಮ್ಮದೇ ಅಜಾಗ್ರತೆಯಿಂದಲೋ ಅದು ಒತ್ತಲ್ಪಟ್ಟಿದ್ದರೆ, ಮಿಕ್ಕ ಅನುಮತಿಗಳೆಲ್ಲ ಸಮರ್ಪಕವಾಗಿದ್ದರೂ ಮುಖ ಕಾಣಬೇಕಾದ ಚೌಕದಲ್ಲಿ ಬರಿಯ ಕಪ್ಪು ತುಂಬಿರುತ್ತದೆ. ಎರಡನೆಯ ಸುತ್ತಿನ ಬಾಗಿಲು ಆ್ಯಪಿನದು: ಪರೀಕ್ಷಾ ಆ್ಯಪಿಗೆ, ಅಥವಾ ಪರೀಕ್ಷೆ ಬ್ರೌಸರಿನಲ್ಲಿ ನಡೆಯುವುದಾದರೆ ಆ ಬ್ರೌಸರಿಗೆ, ಕ್ಯಾಮರಾ ಬಳಸುವ ಹಕ್ಕಿದೆಯೆ ಎಂಬುದು. ಮೂರನೆಯದು ಬ್ರೌಸರಿನ ಒಳಗಿನದು: ಕ್ರೋಮಿಗೆ ಹಕ್ಕಿದ್ದರೂ, ಆ ಒಂದು ಜಾಲತಾಣಕ್ಕೆ ಕ್ರೋಮು ಅದನ್ನು ದಾಟಿಸಿದೆಯೆ ಎಂಬುದು. ಇದನ್ನು ವಿಳಾಸದ ಪಟ್ಟಿಯ ಪಕ್ಕದ ಚಿಹ್ನೆಯನ್ನು ಒತ್ತಿ ನೋಡಿಕೊಳ್ಳಬಹುದು.

ಅತಿ ಹೆಚ್ಚಿನ ಜನ ಎಡವುವುದು ಎರಡನೆಯ ಬಾಗಿಲಿನಲ್ಲಿ. ಅವಸರದಲ್ಲಿ ‘ಅನುಮತಿಸಬೇಡಿ’ ಎಂಬುದನ್ನು ಎರಡು ಬಾರಿ ಒತ್ತಿದಲ್ಲಿ, 2020ರ ಆಂಡ್ರಾಯ್ಡ್ 11ರಿಂದ ಮುಂದಕ್ಕೆ ಫೋನು ಆ ಪ್ರಶ್ನೆಯನ್ನು ಮತ್ತೆ ಕೇಳುವುದೇ ಇಲ್ಲ; ಐಫೋನಂತೂ ಒಂದೇ ನಿರಾಕರಣೆಯನ್ನು ಕಡೆಯ ಮಾತೆಂದು ಪರಿಗ್ರಹಿಸುತ್ತದೆ. ಆಗ ಪುಟವನ್ನು ಎಷ್ಟು ಸಲ ಮರುತೆರೆದರೂ ವ್ಯರ್ಥವೇ ಸರಿ. ಸೆಟ್ಟಿಂಗ್ಸಿಗೆ ಹೋಗಿ, ಆ್ಯಪುಗಳ ಪಟ್ಟಿಯಲ್ಲಿ ಸಂಬಂಧಪಟ್ಟುದನ್ನು ಹುಡುಕಿ, ಅನುಮತಿಗಳ ವಿಭಾಗದಲ್ಲಿ ಕ್ಯಾಮರಾವನ್ನು ‘ಆ್ಯಪ್ ಬಳಸುವಾಗ’ ಎಂಬ ಸ್ಥಿತಿಗೆ ತರುವುದೊಂದೇ ದಾರಿ. ಇನ್ನೊಂದು ಸೂಕ್ಷ್ಮವುಂಟು. ‘ಕಳೆದ ಸೆಮಿಸ್ಟರಿನಲ್ಲಿ ಇದೇ ಫೋನು, ಇದೇ ಆ್ಯಪು, ಎಲ್ಲವೂ ನೆಟ್ಟಗಿತ್ತಲ್ಲ!’ ಎಂದು ವಿಸ್ಮಯಪಡುವವರು ಬಹಳ. ಕೆಲವು ತಿಂಗಳು ತೆರೆಯದೆ ಬಿಟ್ಟ ಆ್ಯಪುಗಳಿಂದ ಫೋನು ತಾನಾಗಿಯೇ ಅನುಮತಿಗಳನ್ನು ಹಿಂದಕ್ಕೆ ಪಡೆಯುತ್ತದೆ. ಪರೀಕ್ಷಾ ಆ್ಯಪನ್ನು ನಾವು ತೆರೆಯುವುದೇ ಆರು ತಿಂಗಳಿಗೊಮ್ಮೆ. ಹಾಗೆಯೇ ‘ಈ ಬಾರಿ ಮಾತ್ರ’ ಎಂಬ ಆಯ್ಕೆಯನ್ನು ಅಭ್ಯಾಸ ಪರೀಕ್ಷೆಯ ದಿನ ಒತ್ತಿದವರು, ನಿಜವಾದ ಪರೀಕ್ಷೆಯ ದಿನ ಮೊದಲಿಂದ ಅದೇ ಪ್ರಶ್ನೆಯನ್ನು ಎದುರಿಸುವರು.

ಮೆಸೇಜಿನಲ್ಲಿ ಬಂದ ಲಿಂಕನ್ನು ಅಲ್ಲೇ ಒತ್ತಿದರೆ ಪುಟವು ಕೆಲವೊಮ್ಮೆ ಆ ಆ್ಯಪಿನೊಳಗಿನ ಕಿರುಕಿಟಕಿಯಲ್ಲಿ ತೆರೆದುಕೊಳ್ಳುವುದು. ಅಲ್ಲಿ ಕ್ಯಾಮರಾ ದೊರೆಯದಿರುವುದು ಸಾಮಾನ್ಯ. ಲಿಂಕನ್ನು ನಕಲಿಸಿ ಕ್ರೋಮಿನಲ್ಲಿ, ಐಫೋನಾದರೆ ಸಫಾರಿಯಲ್ಲಿ, ತೆರೆದರೆ ಮುಗಿಯಿತು.

ಮೂರು ಬಾಗಿಲೂ ತೆರೆದಿದ್ದು ಕ್ಯಾಮರಾ ಸಿಕ್ಕದಿದ್ದರೆ, ಅದನ್ನು ಬೇರೊಂದು ಆ್ಯಪು ಹಿಡಿದುಕೊಂಡಿದೆಯೆಂದು ಊಹಿಸಬಹುದು. ಈ ತೊಡಕು ಅತ್ಯಂತ ಕ್ರೂರವಾಗಿ ಪ್ರಕಟವಾಗುವುದು ಕಾಗದದ ಮೇಲೆ ಉತ್ತರ ಬರೆಯುವ ಪರೀಕ್ಷೆಗಳಲ್ಲಿ. ಮೂರು ಗಂಟೆಗಳ ಕಾಲ ಫೋನು ಪುಸ್ತಕಗಳ ರಾಶಿಗೆ ಒರಗಿಕೊಂಡು, ಬರೆಯುತ್ತಿರುವ ಕೈಯನ್ನೂ ಬಾಗಿದ ತಲೆಯನ್ನೂ ಮೇಲ್ವಿಚಾರಕರಿಗೆ ತೋರಿಸುತ್ತಿರುತ್ತದೆ. ಘಂಟೆಯಾದೊಡನೆ ಅದೇ ಫೋನಿನಿಂದ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿ, ಪಿಡಿಎಫ್ ಮಾಡಿ, ಕೊಟ್ಟ ಕೆಲವೇ ನಿಮಿಷಗಳಲ್ಲಿ ಏರಿಸಬೇಕು. ಒಂದು ಕ್ಯಾಮರಾ, ಇಬ್ಬರು ಯಜಮಾನರು! ಸ್ಕ್ಯಾನರನ್ನು ತೆರೆದರೆ ಪರೀಕ್ಷಾ ಆ್ಯಪು ಹಿಂದಕ್ಕೆ ಸರಿಯುತ್ತದೆ. ಹಿಂದೆ ಸರಿದ ಆ್ಯಪಿಗೆ 2018ರ ಆಂಡ್ರಾಯ್ಡ್ 9ರಿಂದೀಚೆಗೆ ಕ್ಯಾಮರಾ ಬಳಸುವ ಅಧಿಕಾರವಿಲ್ಲ. ಅತ್ತ ಮೇಲ್ವಿಚಾರಕರ ಪರದೆಯಲ್ಲಿ ಅಭ್ಯರ್ಥಿ ಎದ್ದುಹೋದಂತೆ ಕಾಣುತ್ತದೆ. ಇಲ್ಲಿ ವಿದ್ಯಾರ್ಥಿಯ ತಪ್ಪೇನಿದೆ? ಏರಿಸುವ ಅವಧಿಯಲ್ಲಿ ಕಾವಲನ್ನು ವಿಧ್ಯುಕ್ತವಾಗಿ ನಿಲ್ಲಿಸುವುದು, ಅಥವಾ ಪರೀಕ್ಷಾ ಆ್ಯಪಿನೊಳಗೇ ಹಾಳೆಗಳ ಚಿತ್ರ ತೆಗೆಯುವ ಸೌಕರ್ಯ ಒದಗಿಸುವುದು, ಪರೀಕ್ಷೆ ನಡೆಸುವವರ ಹೊಣೆ. ಅದಿಲ್ಲದ ಕಡೆ ಮನೆಯಲ್ಲಿ ಎರಡನೆಯ ಫೋನೊಂದಿದ್ದರೆ ಅದನ್ನು ಬಳಸಲು ಮುಂಚಿತವಾಗಿಯೇ ಲಿಖಿತ ಒಪ್ಪಿಗೆ ಪಡೆದಿಟ್ಟುಕೊಳ್ಳುವುದು ಜಾಣತನ.

ಪರೀಕ್ಷೆಯ ನಡುವೆ ಬರುವ ಕರೆಯೂ ಇದೇ ಅನರ್ಥವನ್ನುಂಟುಮಾಡಬಲ್ಲದು. ಆದಕಾರಣ ಕರೆಗಳನ್ನು ಮೊದಲೇ ತಡೆದಿಡತಕ್ಕದ್ದು. ಚಾರ್ಜಿಗೆ ಹಾಕಿ, ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟ ಫೋನು ಕಾದು ಕ್ಯಾಮರಾವನ್ನು ತಾನೇ ನಿಲ್ಲಿಸುವುದೂ ಉಂಟು.

ಇಷ್ಟಾದರೂ ನಡುವೆ ಕ್ಯಾಮರಾ ನಿಂತರೆ, ಮೊದಲು ಫೋನಿನ ಮೂಲೆಯಲ್ಲಿ ಹಸಿರು ಚುಕ್ಕೆ ಇದೆಯೆ ನೋಡಿ. ಇದ್ದರೆ ಕ್ಯಾಮರಾ ನಡೆಯುತ್ತಿದೆ, ದೋಷ ಬಹುಮಟ್ಟಿಗೆ ಇಂಟರ್ನೆಟ್ಟಿನದು. ಇಲ್ಲದಿದ್ದರೆ ಮಿಕ್ಕ ಆ್ಯಪುಗಳನ್ನೆಲ್ಲ ಮುಚ್ಚಿ ಪರೀಕ್ಷೆಯನ್ನು ಮರಳಿ ತೆರೆಯಿರಿ. ಅದಕ್ಕೂ ಬಗ್ಗದಿದ್ದರೆ ಸಹಾಯವಾಣಿಗೆ ತಿಳಿಸಿ, ಫೋನನ್ನು ಆರಿಸಿ ಹೊತ್ತಿಸಿ. ಪರದೆಯ ಮೇಲಿನ ದೋಷಸೂಚನೆಯನ್ನು ಮನೆಯವರು ಬೇರೆ ಫೋನಿನಿಂದ, ಗಡಿಯಾರದ ವೇಳೆಯೂ ಕಾಣುವಂತೆ ಚಿತ್ರ ತೆಗೆದಿಟ್ಟಿದ್ದರೆ, ಮುಂದೆ ಮನವಿ ಸಲ್ಲಿಸುವಾಗ ಅದಕ್ಕಿಂತ ಬಲವಾದ ಸಾಕ್ಷ್ಯವಿರಲಾರದು.

ಪರೀಕ್ಷೆಗೆ ಮುನ್ನ ಕ್ಯಾಮರಾವನ್ನು ತಿರುಗಿಸಿ ಕೋಣೆಯನ್ನು ಸುತ್ತಲೂ ತೋರಿಸಬೇಕೆಂದು ಕೆಲವೆಡೆ ಇರುವ ವಿಧಿಯ ಬಗ್ಗೆ ಆಕ್ಷೇಪವುಳ್ಳವರು ಇಲ್ಲದಿಲ್ಲ. ಸರ್ಕಾರೀ ವಿಶ್ವವಿದ್ಯಾನಿಲಯವೊಂದು ಹಾಗೆ ವಿಧಿಸಿದುದು ಸಂವಿಧಾನಕ್ಕೆ ವಿರುದ್ಧವಾದ ಶೋಧನೆಯೆಂದು ಅಮೆರಿಕದ ಓಹಾಯೊ ರಾಜ್ಯದ ಫೆಡರಲ್ ನ್ಯಾಯಾಲಯವೊಂದು 2022ರ ಆಗಸ್ಟಿನಲ್ಲಿ ತೀರ್ಪಿತ್ತಿತು. ನಮ್ಮ ಅಭ್ಯರ್ಥಿಗಳ ಕೈಯಲ್ಲಿರುವುದು ಇಷ್ಟು: ಉತ್ತರಪತ್ರಿಕೆ ತಲಪಿದ ಸೂಚನೆ ಬಂದ ಮೇಲೆ, ಸೆಟ್ಟಿಂಗ್ಸಿನ ಅದೇ ಪಟ್ಟಿಗೆ ಮತ್ತೊಮ್ಮೆ ಹೋಗಿ, ಕೊಟ್ಟ ಅನುಮತಿಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು; ಮುಂದಿನ ಪರೀಕ್ಷೆ ದೂರವಿದ್ದರೆ ಆ್ಯಪನ್ನೇ ತೆಗೆದುಹಾಕುವುದು.