ಹಾಲಿನ ಗಾಡಿ: ಡೀಸೆಲ್ಲೋ, ಕರೆಂಟೋ?

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸರ್ವ ಸದಸ್ಯರ ಸಭೆಯಲ್ಲಿ ವಾಹನ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ಹಾರ ತುರಾಯಿ, ಸನ್ಮಾನ ಎಲ್ಲ ಸಾಂಗವಾಗಿ ಮುಗಿದಿವೆ. ನಮ್ಮ ಪಾಲಿಗೆ ಬಂದಿರುವುದು ಮಾತ್ರ ಲೆಕ್ಕದ ವಿಷಯ. ಊಟದ ಹೊತ್ತಿನಲ್ಲಿ ಲೆಕ್ಕ ಹೇಳುವವರನ್ನು ಯಾರೂ ಇಷ್ಟಪಡುವುದಿಲ್ಲ ಎಂಬುದು ನಮಗೆ ಗೊತ್ತು. ಆದರೆ ಇದು ನಿಮ್ಮದೇ ದುಡ್ಡು, ಮೀಸಲು ನಿಧಿಯಿಂದ ಹೋಗುವಂಥದ್ದು. ಸ್ವಲ್ಪ ತಾಳ್ಮೆಯಿಂದ ಕೇಳಬೇಕಾಗಿ ವಿನಂತಿ.

ನಾಲ್ಕು ಹಟ್ಟಿಗಳ ಹಾಲನ್ನು ನಮ್ಮ ಬಿ.ಎಂ.ಸಿ. ತೊಟ್ಟಿಗೆ ತರುವುದಕ್ಕೆ ಇಷ್ಟು ವರ್ಷ ಬಾಡಿಗೆ ಗಾಡಿಯನ್ನೇ ನಂಬಿದ್ದೇವೆ. ಮದುವೆ ಸೀಸನ್ ಬಂತೆಂದರೆ, ಟೊಮ್ಯಾಟೊಗೆ ರೇಟು ಬಂತೆಂದರೆ ಬಾಡಿಗೆ ಗಾಡಿ ನಮ್ಮ ಕೈಗೆ ಸಿಕ್ಕುವುದಿಲ್ಲ. ಅದಕ್ಕೇ ಸ್ವಂತ ಗಾಡಿ ಕೊಳ್ಳಬೇಕೆಂದು ಸಭೆ ತೀರ್ಮಾನಿಸಿತು. ಯಾವ ಗಾಡಿ ಎಂಬುದನ್ನು ನೋಡಿ ಹೇಳಿ ಎಂದು ನಮಗೆ ಒಪ್ಪಿಸಿತು.

ಇದು ಶೋಕಿಯ ಪ್ರಶ್ನೆಯಲ್ಲ. ಕರೆದ ಹಾಲು ಹಸುವಿನ ಮೈ ಬಿಸಿಯಲ್ಲೇ ಇರುತ್ತದೆ, ಸುಮಾರು 38 ಡಿಗ್ರಿ. ಅದು 4 ಡಿಗ್ರಿಗೆ ಇಳಿಯುವ ತನಕ ಒಳಗಿನ ಸೂಕ್ಷ್ಮಜೀವಿಗಳು ಬೆಳೆಯುತ್ತಲೇ ಇರುತ್ತವೆ. ಬೇಸಿಗೆಯ ಸಂಜೆ ಗಾಡಿ ದಾರಿಯಲ್ಲಿ ಮೂರು ನಾಲ್ಕು ಗಂಟೆ ನಿಂತುಬಿಟ್ಟರೆ ಆ ಹಾಲಿಗೆ ಗ್ಯಾರಂಟಿಯಿಲ್ಲ. ಹುಳಿ ಬಂದ ಒಂದು ಕ್ಯಾನ್ ತಪ್ಪಿ ತೊಟ್ಟಿಗೆ ಬಿದ್ದರೆ ಎಲ್ಲರ ಹಾಲೂ ಹೋಯಿತು. ಎರಡು ಹಸು ಕಟ್ಟಿಕೊಂಡು ಬಟವಾಡೆಯ ದಿನವನ್ನೇ ಎದುರು ನೋಡುವ ಮನೆಗೆ ಒಂದು ಹೊತ್ತಿನ ಹಾಲು ಸಣ್ಣ ಮಾತಲ್ಲ. ಆದ್ದರಿಂದ ನಾವು ಮೊದಲು ಕೇಳಿಕೊಂಡದ್ದು, ಯಾವ ಗಾಡಿ ಹೊತ್ತಿಗೆ ಸರಿಯಾಗಿ ಬರುತ್ತದೆ ಎಂದು. ಯಾವುದು ಅಗ್ಗ ಎಂಬುದು ಎರಡನೆಯದು.

ಈಗ ನಮ್ಮ ದಾರಿ ನೋಡಿ. ಹಟ್ಟಿಗಳನ್ನು ಸುತ್ತಿ ಬಂದರೆ 22 ಕಿ.ಮೀ., ಎರಡು ಹೊತ್ತಿಗೆ 44. ಮಧ್ಯಾಹ್ನ ಪಶು ಆಹಾರ, ಖನಿಜ ಮಿಶ್ರಣ ತರಲು ತಾಲ್ಲೂಕು ಕೇಂದ್ರಕ್ಕೆ ಹೋಗಿಬಂದರೆ ಇನ್ನೊಂದು 16. ಒಟ್ಟು 60 ಕಿ.ಮೀ. ಬೆಳಗ್ಗೆ ಒಂಬತ್ತಕ್ಕೆ ಗಾಡಿ ಡೈರಿ ಮುಂದೆ ನಿಲ್ಲುತ್ತದೆ, ಸಂಜೆ ಐದಕ್ಕೆ ಮತ್ತೆ ಹೊರಡುತ್ತದೆ. ರಾತ್ರಿ ಪೂರ್ತಿ ಇಲ್ಲೇ. ದಿನವೂ ಅದೇ ದಾರಿ, ಅದೇ ಹೊತ್ತು, ಗೇಟಿಗೊಂದು ಮನೆಗೊಂದು ನಿಲುಗಡೆ.

ಇಂಥ ಓಡಾಟಕ್ಕೆ ಬ್ಯಾಟರಿ ಗಾಡಿ ಹೊಸದೇನಲ್ಲ ಎಂದರೆ ನೀವು ನಗಬಹುದು. ಇಂಗ್ಲೆಂಡಿನಲ್ಲಿ ಮನೆಮನೆಗೆ ಹಾಲಿನ ಬಾಟಲಿ ಹಂಚುತ್ತಿದ್ದದ್ದು ದಶಕಗಳ ಕಾಲ ಬ್ಯಾಟರಿ ಗಾಡಿಗಳೇ. ಮಿಲ್ಕ್ ಫ್ಲೋಟ್ ಎಂದು ಅವಕ್ಕೆ ಹೆಸರು. ನಸುಕಿನಲ್ಲಿ ಸದ್ದಿಲ್ಲದೆ ಹೋಗಿ, ಹೆಜ್ಜೆಗೊಮ್ಮೆ ನಿಂತು, ಬೆಳಗಾದ ಮೇಲೆ ಡಿಪೋಗೆ ಬಂದು ಚಾರ್ಜಿಗೆ ನಿಲ್ಲುತ್ತಿದ್ದವು. ನಿಂತು ನಿಂತು ಹೋಗುವಾಗ ಡೀಸೆಲ್ ಎಂಜಿನ್ ಸುಮ್ಮನೆ ಎಣ್ಣೆ ಕುಡಿಯುತ್ತದೆ, ಬ್ಯಾಟರಿ ಗಾಡಿ ನಿಂತಾಗ ಏನನ್ನೂ ತಿನ್ನುವುದಿಲ್ಲ. ನಮ್ಮ ಬೆಂಗಳೂರಿನಲ್ಲೇ 2001ರಲ್ಲಿ ರೇವಾ ಎಂಬ ಪುಟ್ಟ ಬ್ಯಾಟರಿ ಕಾರು ಬಂದಿತ್ತು. ಆಗಿನದು ಲೆಡ್ ಆಸಿಡ್ ಬ್ಯಾಟರಿ, ತೂಕ ಹೆಚ್ಚು, ಆಯುಷ್ಯ ಕಮ್ಮಿ. ಈಗಿನ ಸರಕು ಗಾಡಿಗಳಿಗೆ ಲಿಥಿಯಂ ಬ್ಯಾಟರಿ. 2005ರಲ್ಲಿ ಬಂದ ಟಾಟಾ ಏಸ್ ನಿಮಗೆಲ್ಲ ಗೊತ್ತು. ಅದರ ವಿದ್ಯುತ್ ಮಾದರಿ 2022ರ ಮೇ ತಿಂಗಳಲ್ಲಿ ಹೊರಬಂತು. ಬ್ಯಾಟರಿ 21.3 ಯೂನಿಟ್ ಹಿಡಿಯುತ್ತದೆ, ಒಂದು ಚಾರ್ಜಿಗೆ 154 ಕಿ.ಮೀ. ಎಂದು ಕಾಗದದಲ್ಲಿದೆ. ಕಾಗದದ ಕಿ.ಮೀ. ನಮ್ಮ ಜಲ್ಲಿ ರಸ್ತೆಯಲ್ಲಿ ಬರುವುದಿಲ್ಲ. ನಾವು 100 ಎಂದು ಹಿಡಿದಿದ್ದೇವೆ.

ಲೆಕ್ಕಕ್ಕೆ ಬರೋಣ. ಡೀಸೆಲ್ ಗಾಡಿ ಲೋಡು ಹೊತ್ತು, ನಿಂತು ನಿಂತು ಹೋಗುವಾಗ ಲೀಟರಿಗೆ 15 ಕಿ.ಮೀ. ಎನ್ನಿ. ದಿನಕ್ಕೆ 4 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ 360 ರೂಪಾಯಿ. ಕರೆಂಟ್ ಗಾಡಿಗೆ ಚಾರ್ಜಾಗುವಾಗ ಸೋರಿಹೋಗುವುದೂ ಸೇರಿ ದಿನಕ್ಕೆ 15 ಯೂನಿಟ್, ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ 120. ದಿನಕ್ಕೆ 240 ರೂಪಾಯಿ ಉಳಿಯಿತು. ಹಾಲಿಗೆ ಭಾನುವಾರವಿಲ್ಲ, ಹಬ್ಬವಿಲ್ಲ. ವರ್ಷಕ್ಕೆ 87,600 ರೂಪಾಯಿ.

ಇಷ್ಟು ಹೇಳಿ ಚಪ್ಪಾಳೆ ತಗೊಂಡು ಕೂತುಬಿಡಬಹುದಿತ್ತು. ಮಾರುವವರು ಅಲ್ಲಿಗೇ ನಿಲ್ಲಿಸುತ್ತಾರೆ. ಕರೆಂಟ್ ಗಾಡಿಯ ಬೆಲೆ ಹೆಚ್ಚು. 2019ರ ಆಗಸ್ಟ್‌ನಿಂದ ಅದಕ್ಕೆ ಜಿ.ಎಸ್.ಟಿ. ಶೇ. 5 ಮಾತ್ರ, ಡೀಸೆಲ್ ಸರಕು ಗಾಡಿಗೆ ಶೇ. 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 18ಕ್ಕೆ ಇಳಿದದ್ದರಿಂದ ಡೀಸೆಲ್ ಗಾಡಿ ಇನ್ನಷ್ಟು ಅಗ್ಗವಾಯಿತು. ನಾವು ವ್ಯತ್ಯಾಸ 4 ಲಕ್ಷ ಎಂದು ಹಿಡಿದಿದ್ದೇವೆ. ಆ 4 ಲಕ್ಷಕ್ಕೆ ಸಾಲ ಮಾಡಿದರೆ ಶೇ. 9ರಂತೆ ಮೊದಲ ವರ್ಷದ ಬಡ್ಡಿಯೇ 36,000. ಎಂಜಿನ್ ಆಯಿಲ್, ಫಿಲ್ಟರ್, ಕ್ಲಚ್ ಪ್ಲೇಟ್ ಖರ್ಚು ಇಲ್ಲದ್ದಕ್ಕೆ ವರ್ಷಕ್ಕೆ 15,000 ಸೇರಿಸಿ, ಬಡ್ಡಿ ಕಳೆದು ನೋಡಿದರೆ ಹೆಚ್ಚಿಗೆ ಹಾಕಿದ ದುಡ್ಡು ಮರಳುವುದಕ್ಕೆ ಸರಿಯಾಗಿ ಐದು ವರ್ಷ ಬೇಕು. ಬಡ್ಡಿ ಬಿಟ್ಟು ಲೆಕ್ಕ ಹಾಕಿದರೆ ನಾಲ್ಕೇ ವರ್ಷ ಎಂದು ತೋರುತ್ತದೆ, ಅದಕ್ಕೆ ಮರುಳಾಗಬೇಡಿ.

ಇನ್ನೊಂದು ಮಾತು ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಇದೇ ಗಾಡಿ ದಿನಕ್ಕೆ 60ರ ಬದಲು 25 ಕಿ.ಮೀ. ಮಾತ್ರ ಓಡಿದರೆ ಇಂಧನದಲ್ಲಿ ಉಳಿಯುವುದು ದಿನಕ್ಕೆ 100 ರೂಪಾಯಿ, ವರ್ಷಕ್ಕೆ 36,500. ಮೊದಲ ವರ್ಷ ಅದು ಬಡ್ಡಿಗೇ ಸರಿಹೋಯಿತು. ಅಂದರೆ ಕರೆಂಟ್ ಗಾಡಿ ಓಡಿದಷ್ಟೂ ಸಂಪಾದನೆ, ನಿಂತಷ್ಟೂ ನಷ್ಟ. ವಾರಕ್ಕೆರಡು ಸಲ ಸಂತೆಗೆ ಹೋಗುವವರು ಡೈರಿಯವರು ತಗೊಂಡ್ರು ಅಂತ ನೋಡಿ ತಗೋಬಾರದು. ಅವರಿಗೆ ಡೀಸೆಲ್ಲೇ ಸರಿ, ಇಲ್ಲವೇ ಬಾಡಿಗೆ.

"ಕರೆಂಟೇ ಇರಲ್ಲ, ಕರೆಂಟ್ ಗಾಡಿ ತಗೊಂಡು ಏನ್ ಸ್ವಾಮಿ ಮಾಡ್ತೀರಿ?" ಅಂತ ಕೇಳಿದವರೇ ಹೆಚ್ಚು. ನ್ಯಾಯವಾದ ಪ್ರಶ್ನೆ. ಸಾಮಾನ್ಯ 15 ಆಂಪ್ ಸಾಕೆಟ್ಟಿನಿಂದ ಗಂಟೆಗೆ ಸುಮಾರು 3 ಯೂನಿಟ್ ಏರುತ್ತದೆ. ನಮಗೆ ಬೇಕಾದ 15 ಯೂನಿಟ್ಟಿಗೆ ಐದು ಗಂಟೆ. ಹಗಲು ಎರಡೂವರೆ ಗಂಟೆ, ರಾತ್ರಿ ಎರಡೂವರೆ ಗಂಟೆ ಸಿಕ್ಕರೆ ಸಾಕು. ಎಷ್ಟೇ ಕಣ್ಣುಮುಚ್ಚಾಲೆ ಆಡಿದರೂ ನಮ್ಮ ಊರಿನ ಲೈನು ಅಷ್ಟು ಕೊಡುತ್ತದೆ. ಒಂದು ದಿನ ಪೂರ್ತಿ ಇಲ್ಲದಿದ್ದರೂ ತುಂಬಿದ ಬ್ಯಾಟರಿ ಆ ದಿನದ 60 ಕಿ.ಮೀ. ದಾಟಿಸುತ್ತದೆ. ಗಾಳಿಮಳೆಗೆ ಕಂಬ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಿದ್ದರೆ? ಬಿ.ಎಂ.ಸಿ.ಗೆ ಜನರೇಟರ್ ಇದೆಯಲ್ಲ. ಅದು ಓಡದಿದ್ದರೆ ತೊಟ್ಟಿಯ ಹಾಲೇ ಉಳಿಯುವುದಿಲ್ಲ, ಹೇಗೂ ಓಡಿಸುತ್ತೇವೆ. ಅದರಿಂದಲೇ ಗಾಡಿಗೂ ಚಾರ್ಜು ಹಾಕಬಹುದು. ಲೀಟರ್ ಡೀಸೆಲ್ಲಿಗೆ ಜನರೇಟರ್ ಸುಮಾರು 3 ಯೂನಿಟ್ ಕೊಡುತ್ತದೆ, 15 ಯೂನಿಟ್ಟಿಗೆ 5 ಲೀಟರ್. ಡೀಸೆಲ್ ಗಾಡಿ 4 ಲೀಟರಲ್ಲಿ ಮಾಡುವ ಕೆಲಸಕ್ಕೆ 5 ಲೀಟರ್ ಸುಟ್ಟ ಹಾಗಾಯಿತು. ಅಂಥ ನಾಲ್ಕಾರು ದಿನಕ್ಕೆ ತಡೆದುಕೊಳ್ಳಬಹುದು.

ಗಾಡಿಯನ್ನು ಯಾರದಾದರೂ ಮನೆ ಮುಂದೆ ನಿಲ್ಲಿಸಿ ಗೃಹಜ್ಯೋತಿಯ ಕರೆಂಟಲ್ಲಿ ಚಾರ್ಜು ಮಾಡಿ ಎಂಬ ಸಲಹೆಯೂ ಬಂತು! 2023ರಲ್ಲಿ ಬಂದ ಆ ಯೋಜನೆ ಮನೆ ಬಳಕೆಗೆ. ಪಂಪ್‌ಸೆಟ್ ಲೈನಿನ ಕಡೆಯೂ ಕಣ್ಣು ಹಾಕುವುದು ಬೇಡ. ಸಂಘದ ಹೆಸರಿನಲ್ಲಿ ಮೀಟರ್, ಪ್ರತ್ಯೇಕ ವೈರು, ಸರಿಯಾದ ಅರ್ಥಿಂಗ್ ಆಗಲೇಬೇಕು.

"ಕೆಟ್ಟರೆ ಯಾರು ನೋಡ್ತಾರೆ? ಡೀಸೆಲ್ ಆದ್ರೆ ನಮ್ಮ ಮೇಸ್ತ್ರಿನೇ ಬಿಚ್ಚಿ ಹಾಕ್ತಾನೆ." ಇದು ಹಳೇ ಗಾಡಿಗಳ ಮಟ್ಟಿಗೆ ನಿಜ. 2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮ ಬಂದ ಮೇಲೆ ಹೊಸ ಡೀಸೆಲ್ ಗಾಡಿಯಲ್ಲೂ ಸೆನ್ಸರುಗಳೇ ತುಂಬಿವೆ, ಸ್ಪ್ಯಾನರ್ ಒಂದರಿಂದಲೇ ಎಲ್ಲ ಆಗುವುದಿಲ್ಲ. ಆದರೂ ಡೀಸೆಲ್ ಗಾಡಿಗೆ ತಾಲ್ಲೂಕಿನಲ್ಲೇ ರಿಪೇರಿ ಸಿಗುತ್ತದೆ, ಕರೆಂಟ್ ಗಾಡಿಗೆ ಜಿಲ್ಲಾ ಕೇಂದ್ರಕ್ಕೇ ಹೋಗಬೇಕು. ಈ ವಿಷಯದಲ್ಲಿ ಡೀಸೆಲ್ಲೇ ಮೇಲು ಎಂದು ಒಪ್ಪುತ್ತೇವೆ. ಮರುಮಾರಾಟದಲ್ಲೂ ಅಷ್ಟೇ: ಏಳು ವರ್ಷದ ಡೀಸೆಲ್ ಗಾಡಿಗೆ ಗಿರಾಕಿ ಸಿಗುತ್ತಾನೆ, ಏಳು ವರ್ಷದ ಬ್ಯಾಟರಿ ಗಾಡಿಯ ಬೆಲೆಯನ್ನು ನಾವು ಸೊನ್ನೆ ಎಂದೇ ಬರೆದುಕೊಂಡಿದ್ದೇವೆ. ಐದು ವರ್ಷದ ಮೇಲಿನ ಉಳಿತಾಯದಲ್ಲಿ ಒಂದಷ್ಟು ಅದಕ್ಕೆ ವಜಾ ಆಗುತ್ತದೆ.

ತೂಕದ ಮಾತು ಡ್ರೈವರ್ ಆಗುವವರು ಗಮನವಿಟ್ಟು ಕೇಳಬೇಕು. 40 ಲೀಟರಿನ ತುಂಬಿದ ಕ್ಯಾನ್ ಹತ್ತಿರ ಹತ್ತಿರ 50 ಕೆ.ಜಿ. 600 ಕೆ.ಜಿ. ಹೊರುವ ಗಾಡಿಗೆ 12 ಕ್ಯಾನ್, ಇಲ್ಲವೇ ಪಶು ಆಹಾರದ 12 ಚೀಲ. ನಮ್ಮ ಹಟ್ಟಿಗಳ ಹಾಲು ಒಂದು ಹೊತ್ತಿಗೆ ಇಷ್ಟರೊಳಗೇ ಇದೆ. ಸಣ್ಣ ಗಾಡಿಗೆ ಎರಡರಷ್ಟು ಹೇರುವುದು ನಮ್ಮ ಕಡೆಯ ಅಭ್ಯಾಸ. ಬ್ಯಾಟರಿ ಗಾಡಿಗೆ ಹಾಗೆ ಹೇರಿದರೆ ಕಿ.ಮೀ. ಕುಸಿಯುತ್ತದೆ, ವಾರಂಟಿಗೂ ತಕರಾರು ಬರುತ್ತದೆ. ಪಶು ಆಹಾರದ ದೊಡ್ಡ ಲೋಡು ಈಗಿನಂತೆ ಲಾರಿಯಲ್ಲೇ ಬರಲಿ. ಈ ಗಾಡಿಗೆ ಗೇರೂ ಇಲ್ಲ, ಕ್ಲಚ್ಚೂ ಇಲ್ಲ. ಹಟ್ಟಿಯ ಹೆಣ್ಣುಮಕ್ಕಳಿಬ್ಬರು ನಾವೇ ಓಡಿಸ್ತೀವಿ ಅಂತ ಮುಂದೆ ಬಂದಿದ್ದಾರೆ. ಬಹಳ ಸಂತೋಷ.

ಹೊಗೆಯ ವಿಚಾರ ಹೆಚ್ಚು ಎಳೆಯುವುದಿಲ್ಲ. ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟೂ ಕರೆಂಟ್ ಬರುತ್ತದೆ, ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನಿಂದಲೂ ಬರುತ್ತದೆ. ಹಾಲಿನ ಕ್ಯಾನಿನ ಪಕ್ಕ ಹೊಗೆ ಇರುವುದಿಲ್ಲ ಎಂಬುದು ನಮಗೆ ಸಾಕು.

ಡೀಸೆಲ್ ದರ ಮಾತ್ರ ಯಾರ ಕೈಯಲ್ಲೂ ಇಲ್ಲ. 2014ರ ಅಕ್ಟೋಬರ್‌ನಲ್ಲಿ ಸರ್ಕಾರ ಅದರ ಮೇಲಿನ ಹಿಡಿತ ಬಿಟ್ಟಿತು, 2017ರ ಜೂನ್‌ನಿಂದ ದಿನಕ್ಕೊಂದು ದರ. ಕರೆಂಟ್ ದರವೂ ಏರುತ್ತದೆ, ಆದರೆ ವರ್ಷದ ಮೊದಲೇ ಗೊತ್ತಾಗುವ ಸಂಗತಿಯಾದ್ದರಿಂದ ಬಜೆಟ್ಟಿನಲ್ಲಿ ಬರೆಯಬಹುದು.

ಇಷ್ಟೆಲ್ಲ ತೂಗಿ ನೋಡಿ ಉಪಸಮಿತಿಯು ಕರೆಂಟ್ ಗಾಡಿಯನ್ನು ಶಿಫಾರಸು ಮಾಡುತ್ತಿದೆ, ಮೂರು ಷರತ್ತಿನ ಮೇಲೆ. ಬ್ಯಾಟರಿಗೆ ಏಳು ವರ್ಷದ ವಾರಂಟಿ ಬರವಣಿಗೆಯಲ್ಲಿ ಇರಬೇಕು. ಗಾಡಿ ಕೆಟ್ಟರೆ ಮಾರಿದವರು 24 ಗಂಟೆಯೊಳಗೆ ಬದಲಿ ಗಾಡಿ ಕಳಿಸುತ್ತೇವೆಂದು ಕರಾರು ಮಾಡಿಕೊಡಬೇಕು. ಕೊಳ್ಳುವ ಮುಂಚೆ ಒಂದು ವಾರ ನಮ್ಮ ದಾರಿಯಲ್ಲೇ, 12 ಕ್ಯಾನ್ ಹೇರಿ, ನಮ್ಮ ಡ್ರೈವರೇ ಓಡಿಸಿ ನೋಡಬೇಕು. ಇದರಲ್ಲಿ ಒಂದಕ್ಕೆ ಒಪ್ಪದಿದ್ದರೂ ಡೀಸೆಲ್ ಗಾಡಿಯನ್ನೇ ತರೋಣ. ಬರುವ ಬೇಸಿಗೆಯೊಳಗೆ ಸ್ವಂತ ಗಾಡಿ ಅಂತೂ ಬೇಕೇ ಬೇಕು.

ಎರಡೂ ಗಾಡಿಗಳ ದರಪಟ್ಟಿ, ನಮ್ಮ ಲೆಕ್ಕದ ಹಾಳೆ ಕಾರ್ಯದರ್ಶಿಗಳ ಹತ್ತಿರ ಇವೆ. ಬೆಳಗಿನ ಹಾಲು ಹಾಕಲು ಬಂದಾಗ ಯಾರು ಬೇಕಾದರೂ ನೋಡಬಹುದು, ಅಂಕಿಗಳನ್ನು ತಿದ್ದಿ ಕೇಳಬಹುದು. ಊಟದ ನಂತರ ಇದೇ ಪೆಂಡಾಲಿನಲ್ಲಿ ಮತಕ್ಕೆ ಹಾಕಲಾಗುವುದು, ದಯವಿಟ್ಟು ಎಲೆ ಎತ್ತಿದ ಮೇಲೆ ಯಾರೂ ಮನೆಗೆ ಹೋಗಬೇಡಿ.