ಹೊಂಗೆ ಚಿಗುರಿದ ತಾರೀಖು



ಶಿವರಾತ್ರಿಗೆ ಚಳಿ "ಶಿವಶಿವಾ" ಅಂತ ಓಡಿಹೋಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಚಳಿ ಹೋದದ್ದು ಸರಿ, ಅದರ ಜಾಗಕ್ಕೆ ಬಂದವರು ಯಾರು? ವಸಂತವೋ, ನೇರವಾಗಿ ಬೇಸಿಗೆಯೋ? ಕಡೂರು ತಾಲ್ಲೂಕಿನ ಚೌಳಹಿರಿಯೂರಿನಲ್ಲಿ ನಿಂತು ಕೇಳಿದರೆ ಒಂದು ಉತ್ತರ ಸಿಗುತ್ತದೆ. ಘಟ್ಟ ಇಳಿದು ಉಡುಪಿ, ಮಂಗಳೂರು, ಕಾಸರಗೋಡಿನಲ್ಲಿ ಕೇಳಿದರೆ ಬೇರೆಯೇ ಉತ್ತರ. ಮಳೆ, ಗಾಳಿ, ಬಿಸಿಲಿನ ಲೆಕ್ಕ ಇಡುವ ಆಸಕ್ತಿಯುಳ್ಳ ನಾಲ್ಕು ಜನ ಒಂದೆಡೆ ಸೇರಿದರೆ ಈ ವಾದ ಬೇಗ ಮುಗಿಯುವುದಿಲ್ಲ. ನನ್ನ ಮಟ್ಟಿಗೆ ಇದು ಬರಿಯ ಕಾಲಕ್ಷೇಪದ ವಾದವಲ್ಲ. ಹೊಲ, ತೋಟ ನಂಬಿ ಬದುಕುವವರಿಗೆ ಋತು ಯಾವಾಗ ತಿರುಗುತ್ತದೆ ಎಂಬುದು ಅನ್ನದ ಪ್ರಶ್ನೆ.

ಮೊದಲು ಕರಾವಳಿಯವರ ಕಷ್ಟ ನೋಡೋಣ. ಅಲ್ಲಿ ಉಷ್ಣಮಾಪಕವನ್ನು ನಂಬಿದರೆ ವಸಂತ ಸಿಗುವುದೇ ಇಲ್ಲ. ಮಂಗಳೂರಿನಲ್ಲಿ ಜನವರಿಯ ಹಗಲಿನ ಗರಿಷ್ಠ ಉಷ್ಣಾಂಶ 32 ಡಿಗ್ರಿಯ ಆಸುಪಾಸು, ಏಪ್ರಿಲ್‌ನಲ್ಲಿ 34ರ ಆಸುಪಾಸು. ನಡುವೆ ಎರಡೇ ಡಿಗ್ರಿ. ಪಕ್ಕದಲ್ಲಿರುವ ಕಡಲು ಹೆಚ್ಚು ಕಾಯಲೂ ಬಿಡುವುದಿಲ್ಲ, ಹೆಚ್ಚು ತಣಿಯಲೂ ಬಿಡುವುದಿಲ್ಲ. ಅಷ್ಟೇ ಅಲ್ಲ, ಫೆಬ್ರವರಿ, ಮಾರ್ಚ್‌ನಲ್ಲಿ ಕೆಲವು ದಿನ ಮೂಡಣ ಗಾಳಿ ಘಟ್ಟದಿಂದ ಕೆಳಕ್ಕೆ ಬೀಸುತ್ತದೆ, ಇಳಿಯುತ್ತ ಕಾಯುತ್ತದೆ, ಮಧ್ಯಾಹ್ನದ ಕಡಲಗಾಳಿಯನ್ನು ತಡೆದು ನಿಲ್ಲಿಸುತ್ತದೆ. ಅಂಥ ದಿನ ಕರಾವಳಿಯ ಪಟ್ಟಣಗಳು ಏಪ್ರಿಲ್‌ಗಿಂತಲೂ ಹೆಚ್ಚು ಬಿಸಿಯಾಗುವುದುಂಟು. ಹೀಗಿರುವಾಗ ಚಳಿ ಕಳೆದು ಹಿತವಾದ ಬಿಸಿಲು ಬಂತು ಎಂಬ ಮಾತಿಗೆ ಅಲ್ಲಿ ಅರ್ಥವೇ ಇಲ್ಲ. ಅಲ್ಲಿನವರು ಹೇಳುವುದು ಸೆಕೆ ಶುರುವಾಯಿತು ಎಂದು.

ಆದರೂ ಅವರಿಗೆ ಹೊಸ ವರ್ಷ ಬರುತ್ತದೆ. ಅದು ನಮ್ಮ ಚಾಂದ್ರಮಾನ ಯುಗಾದಿಯಲ್ಲ, ಏಪ್ರಿಲ್ 14ರ ಸುಮಾರಿಗೆ ಬರುವ ಬಿಸು. ಕಾಸರಗೋಡಿನ ದಕ್ಷಿಣಕ್ಕೆ ಹೋದರೆ ಅದೇ ದಿನ ವಿಷು, ಬೆಳಗಾದೊಡನೆ ಕಣ್ಣಿಗೆ ಬೀಳಲೆಂದು ಜೋಡಿಸಿಡುವ ವಿಷುಕಣಿ. ಆ ಕಣಿಗೆ ಕೊನ್ನೆ ಹೂ ಬೇಕೇ ಬೇಕು. ಕೊನ್ನೆ ಎಂದರೆ ನಮ್ಮ ಕಕ್ಕೆ, ಹಳದಿ ಗೊಂಚಲು ಇಳಿಬಿಡುವ ಅದೇ ಮರ. ಈಚಿನ ವರ್ಷಗಳಲ್ಲಿ ಕೇರಳದಲ್ಲಿ ಎಷ್ಟೋ ಕೊನ್ನೆ ಮರಗಳು ವಿಷುವಿಗೆ ಕಾಯದೆ ಫೆಬ್ರವರಿಯಲ್ಲೇ ಹೂ ಬಿಟ್ಟು ಮುಗಿಸುತ್ತಿವೆ ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಹಬ್ಬದ ದಿನ ಅಲ್ಲೇ ಇದೆ, ಹೂ ಮುಂಚೆ ಬಂದು ಹೋಗಿದೆ. ಹಾಗಾದರೆ ವಸಂತ ಬಂದದ್ದು ಹಬ್ಬದ ದಿನವೋ, ಹೂವಿನ ದಿನವೋ?

ಪಂಚಾಂಗವನ್ನೇ ಕೇಳೋಣ ಎನ್ನುವವರಿದ್ದಾರೆ. ಕೇಳಬಹುದು, ಆದರೆ ಪಂಚಾಂಗವೂ ಒಂದೇ ಮಾತು ಹೇಳುವುದಿಲ್ಲ. ಚೈತ್ರ, ವೈಶಾಖ ವಸಂತ ಋತು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಚಂದ್ರನನ್ನು ಹಿಡಿದು ನಡೆಯುವ ವರ್ಷಕ್ಕೆ ಸುಮಾರು 354 ದಿನ. ಉಳಿದ ದಿನಗಳನ್ನು ಸರಿಹೊಂದಿಸಲು ಎರಡು ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಬರುತ್ತದೆ. ಆದ್ದರಿಂದ 2024ರಲ್ಲಿ ಏಪ್ರಿಲ್ 9ಕ್ಕೆ ಬಂದ ಯುಗಾದಿ 2026ರಲ್ಲಿ ಮಾರ್ಚ್ 19ಕ್ಕೇ ಬಂತು. ಮೂರು ವಾರದ ಅಂತರ. ಮರಗಿಡಗಳು ಇಷ್ಟು ಹಿಂದೆ ಮುಂದೆ ಓಡಾಡುವುದಿಲ್ಲ.

ಇನ್ನು ಸೂರ್ಯನ ಲೆಕ್ಕ. ಹಗಲು ಇರುಳು ಸಮನಾಗುವುದು ಮಾರ್ಚ್ 20, 21ಕ್ಕೆ. ಮೇಷ ಸಂಕ್ರಮಣ ಬರುವುದು ಏಪ್ರಿಲ್ 14ಕ್ಕೆ. ಸುಮಾರು 1,700 ವರ್ಷಗಳ ಹಿಂದೆ ಇವೆರಡೂ ಒಂದೇ ದಿನ ಬರುತ್ತಿದ್ದವು. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಸರಿಸುಮಾರು 71, 72 ವರ್ಷಕ್ಕೆ ಒಂದು ದಿನದಂತೆ ಅಂತರ ಬೆಳೆದು ಇಲ್ಲಿಗೆ ಬಂದು ನಿಂತಿದೆ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ಕೊಟ್ಟಿತು. ಅದರ ಪ್ರಕಾರ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಅದರಲ್ಲಿ ಚೈತ್ರದ ಮೊದಲ ದಿನ ಹಗಲು ಇರುಳು ಸಮನಾದ ಮರುದಿನವೇ ಬರುತ್ತದೆ. ಹಗಲು ಇರುಳು ಸಮನಾಗುವ ಬಿಂದುವಿನಿಂದಲೇ ಸೂರ್ಯನನ್ನು ಎಣಿಸುವ ಸಾಯನ ಲೆಕ್ಕದಲ್ಲಂತೂ ಫೆಬ್ರವರಿ 19ರ ಸುಮಾರಿಗೇ ವಸಂತ ಶುರು. ಹವಾಮಾನ ಇಲಾಖೆಯ ಪಟ್ಟಿಯಲ್ಲಿ ವಸಂತವೇ ಇಲ್ಲ. ಜನವರಿ, ಫೆಬ್ರವರಿ ಚಳಿಗಾಲ, ಮಾರ್ಚ್‌ನಿಂದ ಮೇವರೆಗೆ ಮುಂಗಾರು ಪೂರ್ವ ಕಾಲ, ಅಷ್ಟೇ.

ಇದೆಲ್ಲ ಓದಿ ತಲೆಬಿಸಿ ಮಾಡಿಕೊಳ್ಳುವ ಬದಲು ರಾಮನವಮಿಯನ್ನು ನೆನೆಯಿರಿ. ಚೈತ್ರ ಶುದ್ಧ ನವಮಿ, ಬಾಯಿಪಾಠದ ಪ್ರಕಾರ ವಸಂತ ಆಗಷ್ಟೇ ಕಾಲಿಟ್ಟಿದೆ. ಆ ದಿನ ಊರಿನ ದೇವಸ್ಥಾನದ ಮುಂದೆ ಹಂಚುವುದೇನು? ಪಾನಕ, ನೀರುಮಜ್ಜಿಗೆ, ಕೋಸಂಬರಿ. ಬೇಸಗೆಯ ದಾಹಕ್ಕೆ ಬೇಕಾದ ಪದಾರ್ಥಗಳು ಇವು. ಬಯಲುಸೀಮೆಯ ಜನಕ್ಕೆ ಆ ಹೊತ್ತಿಗೆ ವಸಂತ ಮುಗಿಯುತ್ತ ಬಂದಿರುವುದು ಗೊತ್ತಿತ್ತು. ಋತುಗಳ ಪಟ್ಟಿಯನ್ನು ಹಾಗೇ ಬಿಟ್ಟು, ಲೋಟಕ್ಕೆ ಪಾನಕ ಸುರಿದರು.

ಹಾಗಾದರೆ ಇಲ್ಲಿ ವಸಂತ ಯಾವಾಗ? ನಾನು ಹೊಂಗೆ ಮರವನ್ನು ಕೇಳಿ ಎನ್ನುತ್ತೇನೆ.

ಚೌಳಹಿರಿಯೂರು ಸುತ್ತಿನ ಸೀಮೆ ಮಳೆ ನೆರಳಿನದು. ಕಡೂರಿನ ಕಡೆ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ, ಮಂಗಳೂರಿನಲ್ಲಿ 3,500ಕ್ಕೂ ಹೆಚ್ಚು. ಫೆಬ್ರವರಿಯಲ್ಲಿ ಅಂತರಘಟ್ಟೆಯ ದುರ್ಗಾಂಬಾ ಜಾತ್ರೆಗೆ ಎತ್ತಿನಗಾಡಿಗಳು ಸಾಲುಗಟ್ಟಿ ಹೊರಡುವ ಹೊತ್ತಿಗೆ ಹೊಲದಲ್ಲಿ ಹಸಿರು ಅನ್ನುವುದು ತೆಂಗಿನ ಗರಿಯಲ್ಲಿ ಬಿಟ್ಟರೆ ಕಾಣುವುದೇ ಕಷ್ಟ. ಬದುವಿನ ಹೊಂಗೆಯ ಎಲೆ ಹಳದಿಯಾಗಿ, ಚುಕ್ಕೆ ಬಿದ್ದು, ಗಂಟು ಗಂಟಾಗಿ ಉದುರುತ್ತದೆ. ಮರ ಬೋಳಾಗಿ ನಿಲ್ಲುವುದು ಒಂದೆರಡು ವಾರ ಮಾತ್ರ. ಆಮೇಲೆ ಕೊಂಬೆಯ ತುದಿಯಲ್ಲಿ ಚಿಗುರು ಬರುತ್ತದೆ. ಹತ್ತಿರ ಹೋಗಿ ನೋಡಿ. ಮೊದಲ ದಿನಗಳ ಎಲೆಗೆ ತಾಮ್ರದ ಛಾಯೆ ಇರುತ್ತದೆ, ಬೆರಳಿಗೆ ಮೆತ್ತಗೆ ಸಿಗುತ್ತದೆ, ಗಾಳಿಗೆ ಜೋತುಬೀಳುತ್ತದೆ. ನಾಲ್ಕಾರು ದಿನ ಕಳೆದರೆ ಅದೇ ಎಲೆ ಎಣ್ಣೆ ಸವರಿದ ಎಳೆಹಸಿರು, ಮತ್ತೆ ಕೆಲವು ವಾರಕ್ಕೆ ದಟ್ಟ ಹಸಿರು. ಏಪ್ರಿಲ್ ಹೊತ್ತಿಗೆ ನಸುನೇರಳೆ ಬೆರೆತ ಬಿಳಿ ಹೂ. ಬೆಳಿಗ್ಗೆ ಮರದ ಬುಡದಲ್ಲಿ ಮಂಡಕ್ಕಿ ಚೆಲ್ಲಿದ ಹಾಗೆ ಬಿದ್ದಿರುತ್ತದೆ, ಮೇಲೆ ಜೇನಿನ ಸದ್ದು ನಿಲ್ಲುವುದೇ ಇಲ್ಲ.

ಇದರಲ್ಲಿ ನನಗೆ ಅತ್ಯಂತ ಸೋಜಿಗವೆನಿಸುವ ಸಂಗತಿ ಒಂದಿದೆ. ಈ ಚಿಗುರಿಗೆ ಒಂದು ಹನಿ ಮಳೆಯೂ ಬಿದ್ದಿರುವುದಿಲ್ಲ. ಕೆರೆ ಬತ್ತಿದೆ, ನೆಲ ಬಿರುಕು ಬಿಟ್ಟಿದೆ, ವರ್ಷದ ಅತ್ಯಂತ ಒಣ ಕಾಲ. ಅಂಥ ಹೊತ್ತಿನಲ್ಲಿ ಮರ ಆಳದ ಬೇರಿನಿಂದ ನೀರೆಳೆದು ಮಳೆಗಾಲಕ್ಕೆ ಎರಡು ಮೂರು ತಿಂಗಳು ಮೊದಲೇ ಎಲೆ ಕಟ್ಟಿಕೊಳ್ಳುತ್ತದೆ. ನಮ್ಮ ಒಣ ಕಾಡುಗಳ ಅನೇಕ ಮರಗಳು ಹೀಗೆಯೇ. ಹಗಲು ಉದ್ದವಾಗುತ್ತ ಹೋಗುವುದನ್ನು ಅವು ಗುರುತಿಸುತ್ತವೆ, ಆ ಸೂಚನೆಯ ಮೇಲೆ ಚಿಗುರುತ್ತವೆ ಎಂಬುದು ಸಸ್ಯವಿಜ್ಞಾನಿಗಳ ಅಭಿಪ್ರಾಯ. ಅಂದರೆ ಹೊಂಗೆಯದು ಸೂರ್ಯನ ಪಂಚಾಂಗ, ಅದೂ ತಿದ್ದಿದ ಪಂಚಾಂಗ.

ಆದರೆ ಇದೇ ಜಿಲ್ಲೆಯ ಕಾಫಿ ಗಿಡದ ಮುಂದೆ ಈ ಮಾತು ನಡೆಯುವುದಿಲ್ಲ. ಚಿಕ್ಕಮಗಳೂರು, ಮೂಡಿಗೆರೆ ಕಡೆಯ ತೋಟಗಳಲ್ಲಿ ಕಾಫಿಯ ಮೊಗ್ಗು ಹಗಲೆಷ್ಟು ಬೆಳೆದರೂ ಮುಚ್ಚಿಕೊಂಡೇ ಇರುತ್ತದೆ. ಅದಕ್ಕೆ ಹೂಮಳೆಯೇ ಬೇಕು. ಅಲ್ಲಿ ಮಳೆಯನ್ನು ಅಳೆಯುವುದು ಸೆಂಟಿನಲ್ಲಿ, ನೂರು ಸೆಂಟಿಗೆ ಒಂದು ಇಂಚು. ಒಂದು ಇಂಚು ಒಟ್ಟಿಗೆ ಬಿದ್ದರೆ ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಕಡಿಮೆ ಬಿದ್ದರೆ ಮೊಗ್ಗು ಅರ್ಧಂಬರ್ಧ ಅರಳಿ ಹಾಳಾಗುತ್ತದೆ. ಇನ್ನು ಮಾವಿಗೆ ಹೂ ಕಟ್ಟಲು ತಂಪಾದ ಒಣ ರಾತ್ರಿಗಳು ಬೇಕು. ಬಯಲುಸೀಮೆಯ ರೈತನಿಗೆ ಬೇಕಾದದ್ದು ಉಕ್ಕೆ ಹೊಡೆಯುವಷ್ಟು ಹದ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಆತ ಏಪ್ರಿಲ್ ಕೊನೆಯವರೆಗೂ ಮುಗಿಲು ನೋಡುತ್ತಾನೆ.

ಹೀಗೆ ಹೊಂಗೆ ಬೆಳಕನ್ನು, ಮಾವು ಚಳಿಯನ್ನು, ಕಾಫಿ ನೀರನ್ನು ಕಾಯುತ್ತವೆ. ಇವುಗಳಿಗೆಲ್ಲ ಸೇರಿ ಒಂದೇ ವಸಂತ ಎನ್ನುವುದು ನಾವು ಕಟ್ಟಿಕೊಂಡ ಲೆಕ್ಕ. ಕಾಲ ನೆಟ್ಟಗಿದ್ದಾಗ ಎಲ್ಲವೂ ಹೆಚ್ಚುಕಡಿಮೆ ಒಂದರ ಹಿಂದೆ ಒಂದು ಬರುತ್ತಿದ್ದವು, ಲೆಕ್ಕ ಹೊಂದುತ್ತಿತ್ತು. ಈಗ ಚಳಿಯ ಭಾಗ ಅಲುಗಾಡುತ್ತಿದೆ. 2025ರ ಫೆಬ್ರವರಿ, 1901ರಿಂದ ಈಚೆಗೆ ದೇಶದಲ್ಲಿ ದಾಖಲಾದ ಅತ್ಯಂತ ಬೆಚ್ಚಗಿನ ಫೆಬ್ರವರಿ. ಹಗಲಿನ ಉದ್ದ ಮಾತ್ರ ಬದಲಾಗುವುದಿಲ್ಲ. ಬೆಳಕನ್ನು ಕಾಯುವ ಮರ ತನ್ನ ಹೊತ್ತಿಗೇ ನಿಂತು, ಚಳಿಯನ್ನು ಕಾಯುವ ಮರ ಹಿಂದೆ ಮುಂದೆ ಸರಿದರೆ, ನಡುವಿನ ಜೇನುಹುಳುವಿನ ಪಾಡೇನು? ಇದಕ್ಕೆ ಉತ್ತರ ಹೇಳಲು ಹಿಂದಿನ ವರ್ಷಗಳ ಲೆಕ್ಕ ಬೇಕು.

ಜಪಾನಿನ ಕ್ಯೋಟೋ ನಗರದಲ್ಲಿ ಚೆರಿ ಹೂ ಅರಳಿದ ದಿನಗಳ ದಾಖಲೆ 9ನೆಯ ಶತಮಾನದಿಂದ ಸಿಗುತ್ತದೆ. ಅದರಿಂದಲೇ 2021ರಲ್ಲಿ ಮಾರ್ಚ್ 26ಕ್ಕೆ ಹೂ ತುಂಬಿ ಅರಳಿದಾಗ, ಸಾವಿರದ ಇನ್ನೂರು ವರ್ಷಗಳಲ್ಲಿ ಇದೇ ಅತಿ ಬೇಗ ಎಂದು ಅವರು ಹೇಳಲು ಸಾಧ್ಯವಾಯಿತು. ನಮ್ಮ ಶಾಸನಗಳು ಶಕವರ್ಷ, ತಿಥಿ, ವಾರ, ಸಂಕ್ರಮಣ ಎಲ್ಲವನ್ನೂ ಕಲ್ಲಿನಲ್ಲಿ ಕೆತ್ತಿದವು, ಊರ ಮುಂದಿನ ಮರ ಹೂ ಬಿಟ್ಟ ದಿನ ಬರೆಯುವ ರೂಢಿ ಬೆಳೆಯಲಿಲ್ಲ. ಹಾಗೆಂದು ನಮ್ಮಲ್ಲಿ ಬರೆದಿಡುವವರೇ ಇಲ್ಲವೆಂದಲ್ಲ. ಪುತ್ತೂರು, ಸುಳ್ಯದ ಎಷ್ಟೋ ಅಡಿಕೆ ಬೆಳೆಗಾರರು ಮನೆಯಂಗಳದ ಮಳೆಮಾಪಕದ ಲೆಕ್ಕವನ್ನು ದಶಕಗಳಿಂದ ಬರೆದಿದ್ದಾರೆ. ಮರಗಳಿಗಾಗಿ 2010ರಲ್ಲಿ ಸೀಸನ್‌ವಾಚ್ ಎಂಬ ಕಾರ್ಯಕ್ರಮ ಶುರುವಾಯಿತು. ವಾರಕ್ಕೊಮ್ಮೆ ಅದೇ ಮರವನ್ನು ನೋಡಿ ಚಿಗುರು, ಹೂ, ಕಾಯಿ ಎಷ್ಟಿದೆ ಎಂದು ಬರೆಯುವುದು, ಇಷ್ಟೇ ಕೆಲಸ. ಬರೆದವರಲ್ಲಿ ಶಾಲಾ ಮಕ್ಕಳೇ ಬಹಳ. ಕೇರಳದ ಮಕ್ಕಳು ಇದರಲ್ಲಿ ಮುಂದಿದ್ದಾರೆ. ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಮಕ್ಕಳು ಯಾಕೆ ಹಿಂದೆ ಬೀಳಬೇಕು?

ಹೊಂಗೆ ಇಲ್ಲದ ಶಾಲೆ ನಮ್ಮ ಕಡೆ ಅಪರೂಪ. ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ, ಹೊಲದ ಯಜಮಾನರಲ್ಲಿ ನನ್ನ ಕೋರಿಕೆ ಇಷ್ಟು. ಒಂದು ಮರ ಆರಿಸಿಕೊಳ್ಳಿ, ಪ್ರತಿ ವರ್ಷ ಅದೇ ಮರ ಇರಲಿ. ಮೊದಲ ಚಿಗುರು ಕಂಡ ದಿನ, ಮೊದಲ ಹೂ ಕಂಡ ದಿನ, ಮೊದಲ ಮಳೆ ಬಿದ್ದ ದಿನ, ಈ ಮೂರು ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ವರ್ಷ ಮುಗಿದಾಗ ಆ ಕ್ಯಾಲೆಂಡರನ್ನು ರದ್ದಿಗೆ ಹಾಕುವ ಮೊದಲು ಮೂರೂ ತಾರೀಖನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ.