ನಾರಿನ ಪುಡಿ, ಹಿಂಡಿ, ಬಾಟ್ಲಿ ಗೊಬ್ಬರ: ಕೊಳ್ಳುವ ಮುಂಚೆ ಲೆಕ್ಕ ಹಾಕಿ

(ತಿಪಟೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ತೆಂಗು ಬೆಳೆಗಾರರ ಮುಂದೆ ಮಾಡಿದ ಭಾಷಣದ ಬರಹ ರೂಪ)



ಉಂಡೆ ಕೊಬ್ಬರಿಗೆ ಅಂತ ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಇಟ್ಟು ಕಾಯ್ತೀವಿ. ಸುಲಿದ ಮೇಲೆ ಕೊಬ್ಬರಿ ಮಾರುಕಟ್ಟೆಗೆ ಹೋಗುತ್ತದೆ, ಸಿಪ್ಪೆ ನಾರಿನ ಕಾರ್ಖಾನೆಯ ಲಾರಿಗೆ ಹೋಗುತ್ತದೆ. ಸಿಪ್ಪೆಗೆ ಅವರು ಹೇಳಿದ್ದೇ ರೇಟು. ನಾರು ತೆಗೆದ ಮೇಲೆ ಉಳಿಯುವ ಪುಡಿಯನ್ನು ಒಂದು ಕಾಲದಲ್ಲಿ ರಸ್ತೆ ಬದಿಯಲ್ಲಿ ಗುಡ್ಡೆ ಹಾಕ್ತಿದ್ರು, ಮಳೆಗೆ ಕೊಳೆತು ಕೆಂಪು ನೀರು ಕೆರೆಗೆ ಇಳೀತಿತ್ತು. ಈಗ ಅದೇ ಪುಡಿಯನ್ನು ತೊಳೆದು, ಒಣಗಿಸಿ, ಐದು ಕೆ.ಜಿ. ಇಟ್ಟಿಗೆಯಾಗಿ ಒತ್ತಿ ಹಡಗು ಹತ್ತಿಸ್ತಾರೆ. ಹೊರದೇಶದಲ್ಲಿ ಅದರಲ್ಲಿ ಟೊಮೇಟೊ, ಸ್ಟ್ರಾಬೆರಿ ಬೆಳೀತಾರೆ. 2018ರಲ್ಲಿ ಕಾನೂನು ಸಡಿಲಾದ ಕೆನಡಾದಂಥ ಕಡೆ ಗಾಂಜಾ ಗಿಡವನ್ನೂ ಇದೇ ಪುಡಿಯ ಕುಂಡದಲ್ಲಿ ಬೆಳೀತಾರೆ.

ಗಾಂಜಾ ಮಾತು ಬಂದದ್ದಕ್ಕೆ ಒಂದು ಎಚ್ಚರಿಕೆ. ನಮ್ಮಲ್ಲಿ 1985ರ ಮಾದಕ ವಸ್ತು ಕಾನೂನು ಇದೆ. ಜೋಳದ ಸಾಲಿನ ನಡುವೆ ನಾಲ್ಕು ಗಿಡ ಇಟ್ಟರೂ ಜೈಲು. ಆ ಆಸೆ ಯಾರಿಗೂ ಬೇಡ. ಆದರೆ ಆ ಬೆಳೆಗಾರರನ್ನು ನೋಡಿ ಕಲಿಯುವುದು ಒಂದಿದೆ. ನಾರಿನ ಪುಡಿ ಮಣ್ಣಲ್ಲ, ಅದು ಗಿಡ ನಿಲ್ಲುವುದಕ್ಕೆ ಒಂದು ಜಾಗ ಮಾತ್ರ ಅನ್ನೋದು ಅವರಿಗೆ ಗೊತ್ತು. ಊಟವನ್ನೆಲ್ಲ ಹೊರಗಿನಿಂದ ಕೊಡಬೇಕು. ಆ ಊಟ ಮಾರುವುದೇ ಅಲ್ಲಿ ದೊಡ್ಡ ವ್ಯಾಪಾರ. ಬೆಳವಣಿಗೆಗೆ ಒಂದು ಬಾಟ್ಲಿ, ಹೂವಿಗೆ ಒಂದು, ಬೇರಿಗೆ ಒಂದು. ಆ ಬಾಟ್ಲಿ ವ್ಯಾಪಾರ ಈಗ "ಸಾವಯವ" ಅನ್ನೋ ಚೀಟಿ ಅಂಟಿಸಿಕೊಂಡು ನಮ್ಮ ಊರಿಗೂ ಬಂದಿದೆ. ಅದಕ್ಕೇ ಈ ಮಾತು.

ನನ್ನದೇ ಕಥೆ ಹೇಳ್ತೀನಿ. ಒಂದು ವರ್ಷ ಮೆಣಸಿನಕಾಯಿ ಸಸಿ ಮಾಡೋಣ ಅಂತ 98 ಗುಳಿಯ ನಲವತ್ತು ಟ್ರೇ ತಂದೆ. ಕಾರ್ಖಾನೆಯಿಂದ ಹಸಿ ಪುಡಿಯನ್ನು ಪುಕ್ಕಟೆ ಹೊತ್ತು ತಂದು ತುಂಬಿ ಬಿತ್ತಿದೆ. ಮೊಳಕೆ ಚೆನ್ನಾಗೇ ಬಂತು. ಹದಿನೈದು ದಿನಕ್ಕೆ ಸಸಿ ಹಳದಿ ತಿರುಗಿತು, ಬೆಳವಣಿಗೆ ನಿಂತಿತು. ಅಂಗಡಿಯವರು ಒಂದು ಬಾಟ್ಲಿ ಕೊಟ್ಟರು, ಹಾಕಿದೆ. ಇನ್ನೊಂದು ಕೊಟ್ಟರು, ಅದನ್ನೂ ಹಾಕಿದೆ. ಎಲ್ಲಾ ಸಾಲದ ಪುಸ್ತಕಕ್ಕೆ ಬರೆಸಿ. ಕೊನೆಗೆ ಸಸಿಯೂ ಇಲ್ಲ, ಸಾಲ ತೀರಿಸಲು ಹೆಂಡತಿಯ ಓಲೆ ಬ್ಯಾಂಕಿಗೆ ಹೋಯ್ತು. ಎಲ್ಲಿ ತಪ್ಪಿದೆ ಅಂತ ತಿಳಿಯಲು ಎರಡು ವರ್ಷ ಬೇಕಾಯ್ತು. ನಿಮಗೆ ಅಷ್ಟು ಖರ್ಚು ಬೇಡ, ಈಗಲೇ ಹೇಳ್ತೀನಿ.

ಮೊದಲನೇ ತಪ್ಪು, ಹಸಿ ಪುಡಿ. ಅದರಲ್ಲಿ ಇಂಗಾಲ ನೂರು ಪಾಲಿಗೂ ಮೇಲಿದ್ದರೆ ಸಾರಜನಕ ಒಂದೇ ಪಾಲು. ಅದನ್ನು ಕೊಳೆಸುವ ಸೂಕ್ಷ್ಮ ಜೀವಿಗಳಿಗೂ ಸಾರಜನಕ ಬೇಕಲ್ವೇ? ಪುಡಿಯಲ್ಲಿ ಸಿಗದಿದ್ದಾಗ ನೀವು ಹಾಕಿದ ಗೊಬ್ಬರದಿಂದ ಅವು ಕಿತ್ತುಕೊಳ್ತವೆ. ನೆಂಟರೇ ಉಂಡು ಹೋದರು, ಮನೆ ಮಗು ಉಪವಾಸ. ಅದಕ್ಕೇ ಪುಡಿಯನ್ನು ಮೊದಲು ಕೊಳೆಸಬೇಕು. ಪದರ ಪದರವಾಗಿ ಹಾಕಿ, ನಡುವೆ ಕೋಳಿಗೊಬ್ಬರ ಇಲ್ಲವೇ ಹಸಿ ಸಗಣಿ ಕೊಟ್ಟು, ಅಣಬೆಯ ಬೀಜ ಬೆರೆಸಿ, ತೇವ ಆರದಂತೆ ನೋಡಿಕೊಂಡರೆ ಒಂದೆರಡು ತಿಂಗಳಲ್ಲಿ ಕಪ್ಪಗಾಗುತ್ತದೆ, ಇಂಗಾಲದ ಪಾಲು ಇಪ್ಪತ್ತೈದರ ಆಸುಪಾಸಿಗೆ ಇಳಿಯುತ್ತದೆ. ತೆಂಗಿನ ನಾರು ಮಂಡಳಿಯವರು ಅಣಬೆಯಿಂದ ಕೊಳೆಸುವ ವಿಧಾನ ತೋರಿಸಿದ್ದಾರೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರೂ ಸಸಿಗೆಂದೇ ಹುದುಗಿಸಿದ ಪುಡಿ ಮಾಡಿದ್ದಾರೆ. ಕಷ್ಟದ ಕೆಲಸವಲ್ಲ, ತಾಳ್ಮೆಯ ಕೆಲಸ.

ಎರಡನೇ ತಪ್ಪು, ಉಪ್ಪು. ನಾರಿನ ಪುಡಿ ಪೊಟ್ಯಾಷ್ ಮತ್ತು ಸೋಡಿಯಂ ಎರಡನ್ನೂ ಮುಷ್ಟಿಯಲ್ಲಿ ಹಿಡಿದು ಕೂತಿರುತ್ತದೆ. ಬರೀ ನೀರಿನಲ್ಲಿ ತೊಳೆದರೆ ಮೇಲಿನ ಉಪ್ಪು ಹೋಗುತ್ತದೆ, ಮುಷ್ಟಿಯಲ್ಲಿರೋದು ಹೋಗೋದಿಲ್ಲ. ಮುಷ್ಟಿ ಬಿಡಿಸಬೇಕಾದರೆ ಸುಣ್ಣದ ಅಂಶ ಕೊಡಬೇಕು. ಅದನ್ನು ಹಿಡಿದುಕೊಂಡು ಪುಡಿ ಇವೆರಡನ್ನೂ ಬಿಡುತ್ತದೆ. ಹೊರದೇಶದವರು ಇದಕ್ಕೆ ಕ್ಯಾಲ್ಸಿಯಂ ನೈಟ್ರೇಟ್ ಹಾಕ್ತಾರೆ, ಅದು ರಾಸಾಯನಿಕ ಗೊಬ್ಬರ. ಸಾವಯವದವರಿಗೆ ಜಿಪ್ಸಂ ಇದೆ. ಲೀಟರಿಗೆ ಎರಡು ಗ್ರಾಂ ಸಾಕು, ಅದಕ್ಕಿಂತ ಹೆಚ್ಚು ಕರಗೋದೂ ಕಷ್ಟ. ಒಂದು ರಾತ್ರಿ ನೆನೆಸಿ, ಬಸಿದು, ಒಳ್ಳೆ ನೀರಿನಲ್ಲಿ ಎರಡು ಸಲ ತೊಳೆಯಿರಿ. ಬೋರಿನ ನೀರೇ ಉಪ್ಪಾಗಿದ್ದರೆ ಆ ನೀರಿನಲ್ಲಿ ತೊಳೆದು ಪ್ರಯೋಜನವಿಲ್ಲ, ಮಳೆ ನೀರು ಹಿಡಿಯಿರಿ. ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಇ.ಸಿ. ಅಳತೆ ಮಾಡಿಸಿ. ಎಳೆ ಸಸಿಗೆ ಅದು 1ಕ್ಕಿಂತ ಕೆಳಗಿರಬೇಕು.

ಇನ್ನು ಗೊಬ್ಬರ ಆರಿಸುವ ಮಾತು. ಪುಡಿಯಲ್ಲಿ ಪೊಟ್ಯಾಷ್ ಮೊದಲೇ ಇದೆ. ಅದರ ಮೇಲೆ ಒಲೆ ಬೂದಿ ಸುರಿಯುವವರಿದ್ದಾರೆ. ಬೇಡ ಕಣ್ರಪ್ಪ. ಪೊಟ್ಯಾಷ್ ಅತಿಯಾದರೆ ಗಿಡ ಸುಣ್ಣವನ್ನೂ ಮೆಗ್ನೀಸಿಯಮನ್ನೂ ಎಳೆದುಕೊಳ್ಳಲಾರದು, ಎಲೆ ನರದ ನಡುವೆ ಹಳದಿಯಾಗುತ್ತದೆ. ಅದು ರೋಗ ಅಂತ ತಿಳಿದು ಔಷಧಿಗೆ ಓಡ್ತೀವಿ. ಪುಡಿಗೆ ಕೊರತೆ ಇರೋದು ಸಾರಜನಕ, ರಂಜಕ, ಸುಣ್ಣ, ಮೆಗ್ನೀಸಿಯಂ. ಸಾರಜನಕಕ್ಕೆ ಹಿಂಡಿ. ಬೇವಿನ ಹಿಂಡಿಯಲ್ಲಿ ನೂರಕ್ಕೆ ಸುಮಾರು ಐದು, ಕಡಲೆಕಾಯಿ ಹಿಂಡಿಯಲ್ಲಿ ಏಳು, ಹರಳು ಮತ್ತು ಹೊಂಗೆಯಲ್ಲಿ ನಾಲ್ಕರ ಹತ್ತಿರ. ಕಡಲೆಕಾಯಿ ಹಿಂಡಿ ದನಕ್ಕಿರಲಿ, ಹೊಲಕ್ಕೆ ಹೊಂಗೆ, ಬೇವು ಸಾಕು. ರಂಜಕಕ್ಕೆ ಮೂಳೆ ಹಿಟ್ಟು, ಅದರಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಮೇಲೆ. ಆದರೆ ಅದು ಹುಳಿ ಮಣ್ಣಿನಲ್ಲಿ ಮಾತ್ರ ಕರಗುತ್ತದೆ. ಪುಡಿ ಸ್ವಲ್ಪ ಹುಳಿ, ಅಲ್ಲಿ ನಿಧಾನವಾಗಿ ಆದೀತು. ಸುಣ್ಣಕಲ್ಲಿನ ಕರಿ ಭೂಮಿಗೆ ಹಾಕಿದರೆ ದುಡ್ಡು ಹೂತ ಹಾಗೆ. ಮೆಗ್ನೀಸಿಯಂ ಬೇಕಾದರೆ ಡಾಲಮೈಟ್ ಇದೆ, ಹಿತಮಿತವಾಗಿ.

ಹಿಂಡಿಯನ್ನು ನೇರ ಬೇರಿಗೆ ಕೊಡಬೇಡಿ, ಕೊಳೆಯುವಾಗ ಬಿಸಿಯೇಳುತ್ತದೆ. ಬಿತ್ತುವ ಎರಡು ಮೂರು ವಾರ ಮುಂಚೆ ಬೆರೆಸಿಡಿ. ಕೊಳೆಸುವ ಜೀವಿಗಳು ಬರೀ ಪುಡಿಯಲ್ಲಿ ಕಡಿಮೆ, ಅದಕ್ಕೇ ಹಳೇ ಕೊಟ್ಟಿಗೆ ಗೊಬ್ಬರ ಇಲ್ಲವೇ ಎರೆಗೊಬ್ಬರ ಸೇರಲೇಬೇಕು. ನಾನೀಗ ಮಾಡೋದು ಇಷ್ಟೇ: ಕೊಳೆತ ಪುಡಿ ಎರಡು ಪಾಲು, ಜರಡಿ ಹಿಡಿದ ಹಳೇ ಗೊಬ್ಬರ ಒಂದು ಪಾಲು, ನೂರು ಕೆ.ಜಿ. ಮಿಶ್ರಣಕ್ಕೆ ಎರಡು ಕೆ.ಜಿ. ಬೇವಿನ ಹಿಂಡಿ, ಅರ್ಧ ಕೆ.ಜಿ. ಜಿಪ್ಸಂ. ಜೀವಾಮೃತ ಹಾಕಿದರೆ ಸಾಲದೇ ಅಂತ ಕೇಳ್ತೀರಿ. ಜೀವಾಮೃತ ಹೆಪ್ಪು ಇದ್ದ ಹಾಗೆ. ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿದರೆ ಮೊಸರಾಗುತ್ಯೆ?

ಈಗ ಬಾಟ್ಲಿ ಲೆಕ್ಕ. ಚೀಟಿ ಓದಿ. ಸಾರಜನಕ ನೂರಕ್ಕೆ ಎರಡು ಅಂತ ಇದ್ದರೆ ಒಂದು ಲೀಟರಿನಲ್ಲಿ ಸುಮಾರು 20 ಗ್ರಾಂ. ಐವತ್ತು ಕೆ.ಜಿ. ಬೇವಿನ ಹಿಂಡಿ ಮೂಟೆಯಲ್ಲಿ ಎರಡೂವರೆ ಕೆ.ಜಿ., ಅಂದರೆ 2,500 ಗ್ರಾಂ. ಒಂದು ಮೂಟೆಗೆ ಸಮ ಆಗಲು 125 ಬಾಟ್ಲಿ ಬೇಕು! ಹಿಂಡಿ ನಿಧಾನ, ಒಂದೇ ಬೆಳೆಗೆ ಪೂರಾ ಸಿಗೋದಿಲ್ಲ, ಒಪ್ಪಿದೆ. ಅರ್ಧವೇ ಸಿಕ್ಕಿತು ಅನ್ನಿ, ಆಗಲೂ 62 ಬಾಟ್ಲಿ. ಟ್ರೇ ಸಸಿಗೆ ತುರ್ತಾಗಿ ಒಮ್ಮೆ ದ್ರವ ಕೊಡೋದು ತಪ್ಪಲ್ಲ. ಎಕರೆ ಬೆಳೆಯನ್ನು ಬಾಟ್ಲಿಯಿಂದ ಸಾಕ್ತೀನಿ ಅನ್ನೋದು ಸಾಲಕ್ಕೆ ದಾರಿ.

ಸಾವಯವ ಗೊಬ್ಬರವನ್ನು 2006ರಲ್ಲಿ, ಬೆಳವಣಿಗೆ ಪ್ರಚೋದಕಗಳನ್ನು 2021ರಲ್ಲಿ ಸರ್ಕಾರ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದಿದೆ. ಪ್ರಚೋದಕ ಬೇರೆ, ಗೊಬ್ಬರ ಬೇರೆ ಅನ್ನೋದನ್ನು ಅಂಗಡಿಯಲ್ಲಿ ಯಾರೂ ಹೇಳೋದಿಲ್ಲ. ನೀವೇ ಕೇಳಬೇಕು: ಇದರಲ್ಲಿ ಏನಿದೆ? ಎಷ್ಟಿದೆ? ಗ್ರಾಮಿಗೆ ಎಷ್ಟು ಬಿತ್ತು? ಉತ್ತರ ಚೀಟಿಯಲ್ಲಿ ಇಲ್ಲದಿದ್ದರೆ ಕೈ ಹಾಕಬೇಡಿ. ಬಿಲ್ಲಿಲ್ಲದೆ ತರಬೇಡಿ, ಬಿಲ್ಲಿಲ್ಲದ ಮಾಲಿಗೆ ದೂರು ಕೊಡೋಕೂ ಆಗೋದಿಲ್ಲ.

ಹೊಸ ಪುಡಿ ಬಂದಾಗ ಒಂದು ಕುಂಡ ಅದರಲ್ಲಿ, ಒಂದು ಕುಂಡ ಮನೆ ಮಣ್ಣಿನಲ್ಲಿ, ನಾಲ್ಕು ಹೆಸರುಕಾಳು ಹಾಕಿ ಹತ್ತು ದಿನ ನೋಡಿ. ಪುಡಿಯಲ್ಲಿ ಸೊರಗಿದರೆ ಅದು ಇನ್ನೂ ಹಸಿ, ಇಲ್ಲವೇ ಉಪ್ಪು. ಈ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ. ಅವತ್ತು ನಾನು ಇಷ್ಟು ಮಾಡಿದ್ದರೆ ಓಲೆ ಮನೆಯಲ್ಲೇ ಇರ್ತಿತ್ತು.

ಸಿಪ್ಪೆ ನಮ್ಮದು, ಸಗಣಿ ನಮ್ಮದು, ಹೊಂಗೆ ಮರ ಬದುವಿನ ಮೇಲಿದೆ. ಸಿಪ್ಪೆಯನ್ನೆಲ್ಲ ಲಾರಿಗೆ ಹತ್ತಿಸುವ ಮುಂಚೆ ನಮ್ಮ ಗುಂಡಿಗೆ ಎಷ್ಟು ಬೇಕು ಅಂತ ಮೊದಲು ತೆಗೆದಿಡಿ. ಉಳಿದದ್ದಕ್ಕೆ ರೇಟು ಕೇಳೋಣ, ಒಟ್ಟಾಗಿ ಕೇಳೋಣ.